ಸಾಂಗಲಿಯಿಂದ ಸಮುದ್ರಕ್ಕೆ: ಪದವಿ ಹಂತದ ಕಡಲ ಜೀವಶಾಸ್ತ್ರ ಸಂಶೋಧನೆಯನ್ನು ಯೋಜಿಸುವ ಬಗೆ

ಮಾಧವನಗರ ಕಡಲ ತೀರದ ಊರಲ್ಲ. ಸಾಂಗಲಿಯನ್ನು ಹಾದುಹೋಗುವ ಕೃಷ್ಣೆಯೂ ಹತ್ತಿರದ ಅರಬ್ಬಿ ಸಮುದ್ರವನ್ನು ಸೇರದೆ, ಪೂರ್ವಕ್ಕೆ ಸಾಗಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಮಿರಜದಿಂದ ಕೊಲ್ಹಾಪುರದ ಮೇಲೆ ರತ್ನಾಗಿರಿಗೆ ಸುಮಾರು 180 ಕಿ.ಮೀ. ದಾರಿ, ನಡುವೆ ಸಹ್ಯಾದ್ರಿಯ ಘಟ್ಟ. ಆದುದರಿಂದ ಮಿರಜ, ಜತ್ತ ತಾಲೂಕುಗಳ ಕನ್ನಡ ಮಕ್ಕಳು ಪ್ರಾಣಿಶಾಸ್ತ್ರವನ್ನು ಆರಿಸಿಕೊಂಡಾಗಲೂ ಕಡಲ ಜೀವಶಾಸ್ತ್ರ ಕರಾವಳಿಯವರ ವಿಷಯ, ನಮಗೆ ಅದು ಎಟುಕದು ಎಂದು ಭಾವಿಸುವುದು ಸಹಜ. ಈ ಭಾವನೆ ಅರ್ಧ ಮಾತ್ರ ಸರಿ. ದೂರವಿರುವುದು ನಿಜ, ಎಟುಕದು ಎಂಬುದು ನಿಜವಲ್ಲ. ದೂರದಲ್ಲಿರುವ ವಿದ್ಯಾರ್ಥಿಗೆ ಯೋಜನೆ ಹೆಚ್ಚು ಬಿಗಿಯಾಗಿರಬೇಕು, ಅಷ್ಟೆ. ಆ ಯೋಜನೆಯನ್ನು ಹಂತ ಹಂತವಾಗಿ ಇಲ್ಲಿ ವಿವರಿಸುತ್ತೇವೆ.

ಈ ವಿಷಯ ಈಗ ಏಕೆ ಮುಖ್ಯ

ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪದವಿ ಚೌಕಟ್ಟಿನ ಪ್ರಕಾರ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಥವಾ ಹೆಚ್ಚು ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯ ಶಾಖೆಯನ್ನು ಆರಿಸಿಕೊಳ್ಳಬಹುದು. ಒಟ್ಟು 160 ಕ್ರೆಡಿಟ್‌ಗಳಲ್ಲಿ 12 ಕ್ರೆಡಿಟ್ ಸಂಶೋಧನಾ ಪ್ರಬಂಧಕ್ಕೆ ಮೀಸಲು. ಮೂರು ವರ್ಷದ ಪದವಿಯಲ್ಲಿಯೂ ಸಣ್ಣ ಪ್ರಕಲ್ಪಗಳು ಇರುತ್ತವೆ. ಎಂದರೆ, ಸಂಶೋಧನೆಯು ಸ್ನಾತಕೋತ್ತರ ಹಂತದವರೆಗೆ ಕಾಯಬೇಕಾದ ವಿಷಯವಾಗಿ ಉಳಿದಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಲ್ಲಿ ಎರಡನೆಯ ಘಟ್ಟವೊಂದಿದೆ. ಸಂವಿಧಾನದ 350ಎ ವಿಧಿಯು ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಹೇಳುತ್ತದೆ. ಪದವಿಯ ಪ್ರಯೋಗಾಲಯದವರೆಗೆ ಅದು ಬರುವುದಿಲ್ಲ. ಅಲ್ಲಿ ಪಠ್ಯ ಇಂಗ್ಲಿಷಿನದು, ತರಗತಿಯ ಮಾತು ಬಹುಮಟ್ಟಿಗೆ ಮರಾಠಿಯದು. ಹಿಂಜರಿಕೆಯಿಂದ ಪ್ರಕಲ್ಪವನ್ನು ಅಂತರ್ಜಾಲದಿಂದ ಇಳಿಸಿ ಒಪ್ಪಿಸುವ ಪರಿಪಾಠ ಬೆಳೆದರೆ ನಷ್ಟ ಅಂಕದ್ದಲ್ಲ; ತಾನೇ ನೋಡಿ, ತಾನೇ ಎಣಿಸಿ, ತಾನೇ ತೀರ್ಮಾನಿಸುವ ಮೊದಲ ಅವಕಾಶವೇ ಕೈತಪ್ಪುತ್ತದೆ. ಸಾಂಗಲಿಯ ವಿಲಿಂಗ್ಡನ್ ಕಾಲೇಜು 1919ರಲ್ಲಿ ಆರಂಭವಾದದ್ದು, ವಿ. ಕೃ. ಗೋಕಾಕರು ಅಲ್ಲಿ ಪ್ರಾಂಶುಪಾಲರಾಗಿದ್ದರು, ರಂ. ಶ್ರೀ. ಮುಗಳಿಯವರು ಅಲ್ಲಿ ಕನ್ನಡ ಬೋಧಿಸಿದರು. ಈ ನೆಲದಲ್ಲಿ ಕನ್ನಡದ ಉನ್ನತ ವಿದ್ಯೆ ಹೊಸದಲ್ಲ. ಅದು ಸಾಹಿತ್ಯದಲ್ಲಿ ಬೇರೂರಿದಂತೆ ವಿಜ್ಞಾನದಲ್ಲಿಯೂ ಬೇರೂರಬೇಕೆಂಬುದು ನಮ್ಮ ಆಶಯ.

ಮೊದಲ ಸೂತ್ರ: ಇಳಿತಗಳನ್ನು ಎಣಿಸಿ, ಆಮೇಲೆ ಪ್ರಶ್ನೆ ಕೇಳಿ

ಸಾಮಾನ್ಯವಾಗಿ ವಿದ್ಯಾರ್ಥಿಗಳು ವಿಷಯವನ್ನು ಮೊದಲು ಆರಿಸುತ್ತಾರೆ: ‘ಕೊಂಕಣ ಕರಾವಳಿಯ ಜೀವವೈವಿಧ್ಯ’, ‘ಸಮುದ್ರ ಮಾಲಿನ್ಯದ ಪರಿಣಾಮ’ ಇತ್ಯಾದಿ. ಇವು ಶೀರ್ಷಿಕೆಗಳೇ ಹೊರತು ಪ್ರಶ್ನೆಗಳಲ್ಲ. ಒಂದು ವರ್ಷದಲ್ಲಿ ಉತ್ತರಿಸಬಹುದಾದದ್ದು ಅವುಗಳಲ್ಲಿ ಏನೂ ಇಲ್ಲ. ನಾವು ಸೂಚಿಸುವುದು ತಿರುವುಮುರುವಾದ ಕ್ರಮ. ಕಡಲ ದಂಡೆಯಲ್ಲಿ ನಿಂತು ಕೆಲಸ ಮಾಡಲು ನಮಗೆ ಎಷ್ಟು ಇಳಿತಗಳು ಸಿಗುತ್ತವೆ ಎಂಬುದನ್ನು ಮೊದಲು ಎಣಿಸಬೇಕು. ಅಷ್ಟರಲ್ಲಿ ಉತ್ತರ ಸಿಗುವ ಪ್ರಶ್ನೆಯನ್ನು ಆಮೇಲೆ ಕೇಳಬೇಕು.

ಇದಕ್ಕೆ ಉಬ್ಬರವಿಳಿತದ ಲೆಕ್ಕ ತಿಳಿದಿರಬೇಕು. ಮರಾಠಿಯಲ್ಲಿ ‘ಭರತಿ–ಓಹೋಟಿ’ ಎನ್ನುವುದು ಇದನ್ನೇ. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ಇಂದಿನ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯಂದು, ಹಾಗೂ ಅವುಗಳ ನಂತರದ ಒಂದೆರಡು ದಿನ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ; ಆಗ ಹೋದರೆ ಕೆಳಹಂತದ ಬಂಡೆಗಳು ನೀರಿನಿಂದ ಹೊರಬರುವುದೇ ಇಲ್ಲ. ಏರಿಳಿತದ ಪ್ರಮಾಣ ಸ್ಥಳದಿಂದ ಸ್ಥಳಕ್ಕೆ ಬೇರೆ: ಖಂಭಾತ್ ಕೊಲ್ಲಿಯಲ್ಲಿ ಅದು 10 ಮೀಟರಿನಷ್ಟು, ಕೊಚ್ಚಿಯಲ್ಲಿ 1 ಮೀಟರಿನ ಆಸುಪಾಸು, ಕೊಂಕಣ ಮತ್ತು ಕಾರವಾರ ಇವೆರಡರ ನಡುವೆ ಬರುತ್ತವೆ. ನಮ್ಮ ಹತ್ತಿರದ ಈ ಕರಾವಳಿಯಲ್ಲಿ ಅಮಾವಾಸ್ಯೆ–ಹುಣ್ಣಿಮೆಯ ಇಳಿತಗಳು ಸಾಮಾನ್ಯವಾಗಿ ನಸುಕಿಗೂ ಸಂಜೆಗೂ ಬೀಳುತ್ತವೆ. ಒಂದೆರಡು ದಿನ ಕಳೆದರೆ ಅದೇ ಇಳಿತ ಬೆಳಗಿನ ಬೆಳಕಿಗೆ ಸರಿಯುತ್ತದೆ. ನಿಖರವಾದ ವೇಳೆಯನ್ನು ಭಾರತೀಯ ಸರ್ವೇಕ್ಷಣಾ ಇಲಾಖೆಯ ಕೋಷ್ಟಕಗಳಿಂದ ಅಥವಾ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಮುನ್ಸೂಚನೆಯಿಂದ ಪಡೆಯಬೇಕು. ದಿನವನ್ನು ಗೊತ್ತುಮಾಡಲು ಮಾತ್ರ ಗೋಡೆಯ ಮೇಲಿನ ಕ್ಯಾಲೆಂಡರು ಸಾಕು.

ಇಳಿತದ ತುದಿಗೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ. ಒಟ್ಟು ಎರಡು ಗಂಟೆಯಷ್ಟೇ ಕೆಲಸದ ಅವಧಿ. ಸಾಂಗಲಿಯ ವಿದ್ಯಾರ್ಥಿ ವರ್ಷದಲ್ಲಿ ನಾಲ್ಕು ಬಾರಿ, ಪ್ರತಿ ಸಲ ಎರಡು ದಿನ ಕರಾವಳಿಗೆ ಹೋಗಬಲ್ಲನೆಂದುಕೊಂಡರೆ, ಹಗಲು ಬೆಳಕಿನ ಇಳಿತ ದಿನಕ್ಕೊಂದರಂತೆ ಎಂಟು ಸಿಗುತ್ತವೆ. ಎಂಟು ಇಳಿತ, ಹದಿನಾರು ಗಂಟೆ. ಇದೇ ನಮ್ಮ ಬಂಡವಾಳ. ಇಷ್ಟರಲ್ಲಿ ಉತ್ತರ ಸಿಗದ ಪ್ರಶ್ನೆಯನ್ನು ಎಷ್ಟೇ ಆಕರ್ಷಕವಾಗಿದ್ದರೂ ಬದಿಗಿಡಬೇಕು.

ಒಂದು ಮಾದರಿ ಪ್ರಶ್ನೆ

ಬಂಡೆಗೆ ಅಂಟಿ ಬೆಳೆಯುವ ಸಿಂಪಿಯನ್ನು ತೆಗೆದುಕೊಳ್ಳೋಣ. ಅದು ಓಡುವುದಿಲ್ಲ, ಬರಿಗಣ್ಣಿಗೆ ಕಾಣುತ್ತದೆ, ಎಣಿಸಲು ಕೊಲ್ಲಬೇಕಾಗಿಲ್ಲ. ಪ್ರಶ್ನೆ ಹೀಗಿರಬಹುದು: ದಂಡೆಯ ಮೇಲ್ಹಂತ, ನಡುಹಂತ ಮತ್ತು ಕೆಳಹಂತಗಳಲ್ಲಿ ಸಿಂಪಿಗಳ ಸಾಂದ್ರತೆ ಬೇರೆಯಾಗಿದೆಯೇ? ಈ ವ್ಯತ್ಯಾಸ ಎರಡು ಬೇರೆ ದಂಡೆಗಳಲ್ಲಿ ಒಂದೇ ಬಗೆಯಾಗಿದೆಯೇ?

ಸಲಕರಣೆ ಸರಳ. ಪ್ಲಾಸ್ಟಿಕ್ ಕೊಳವೆಯಿಂದ 50 ಸೆ.ಮೀ. × 50 ಸೆ.ಮೀ. ಅಳತೆಯ ಚೌಕಟ್ಟು ಮಾಡಬೇಕು. ಅದರ ಒಳಗಿನ ಜಾಗ ಕಾಲು ಚದರ ಮೀಟರ್. ನೀರಿನಿಂದ ಮೇಲ್ಮುಖವಾಗಿ ಅಳತೆಯ ಪಟ್ಟಿ ಹಾಸಿ ಮೂರು ಹಂತಗಳನ್ನು ಗುರುತಿಸಬೇಕು. ಪ್ರತಿ ಹಂತದಲ್ಲಿ ಐದು ಕಡೆ ಚೌಕಟ್ಟು ಇಟ್ಟು ಎಣಿಸಬೇಕು. ಒಂದು ಇಳಿತಕ್ಕೆ 15 ಚೌಕಟ್ಟು. ಎರಡು ದಂಡೆ, ನಾಲ್ಕು ಭೇಟಿಗೆ ಒಟ್ಟು 120. ಇಬ್ಬರು ಸೇರಿದರೆ ಎರಡು ಗಂಟೆಯಲ್ಲಿ ಮುಗಿಯುವ ಕೆಲಸ.

ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಸಿಂಪಿ ಹೆಚ್ಚಾಗಿ ಕಾಣುವಲ್ಲಿ ಚೌಕಟ್ಟು ಇಡುವ ಆಸೆಯನ್ನು ತಡೆಯಬೇಕು. ಮನೆಯಲ್ಲಿಯೇ ಚೀಟಿ ಎತ್ತಿ ಸಂಖ್ಯೆಗಳನ್ನು ಬರೆದುಕೊಂಡು ಹೋಗಿ, ಪಟ್ಟಿಯ ಮೇಲೆ ಆ ಸಂಖ್ಯೆ ಬಂದಲ್ಲಿಯೇ ಇಡಬೇಕು. ಎರಡನೆಯದು, ಸಿಂಪಿಯೇ ಇಲ್ಲದ ಚೌಕಟ್ಟನ್ನು ಬಿಡದೆ ಸೊನ್ನೆ ಎಂದು ದಾಖಲಿಸಬೇಕು; ಸೊನ್ನೆಯೂ ಮಾಹಿತಿಯೇ. ಮೂರನೆಯದು, ತೀರ್ಮಾನ ಅಳತೆಯನ್ನು ಮೀರಬಾರದು. ಪ್ರವಾಸಿಗರು ಹೆಚ್ಚಿರುವ ಒಂದು ದಂಡೆಯಲ್ಲಿ ಸಿಂಪಿ ಕಡಿಮೆ, ಜನವಿಲ್ಲದ ಇನ್ನೊಂದರಲ್ಲಿ ಹೆಚ್ಚು ಎಂದು ಕಂಡರೆ, ಪ್ರವಾಸವೇ ಕಾರಣ ಎಂದು ಬರೆಯುವಂತಿಲ್ಲ. ಬಂಡೆಯ ಬಗೆ, ಅಲೆಯ ಹೊಡೆತ, ಹತ್ತಿರದ ನದಿಯ ಸಿಹಿನೀರು ಎಲ್ಲವೂ ಬೇರೆಯಾಗಿರಬಹುದು. ಎರಡು ದಂಡೆಗಳು ಎರಡು ಉದಾಹರಣೆಗಳು ಮಾತ್ರ.

ಪ್ರತಿ ಸಲವೂ ನೀರಿನ ಉಷ್ಣತೆ ಮತ್ತು ಲವಣಾಂಶವನ್ನು ಬರೆದುಕೊಳ್ಳಬೇಕು. ತೆರೆದ ಸಮುದ್ರದ ಒಂದು ಕಿಲೋಗ್ರಾಂ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣವಿರುತ್ತದೆ. ಮಳೆಗಾಲದ ನದೀಮುಖದಲ್ಲಿ ಅದು ಸಿಹಿನೀರಿನ ಮಟ್ಟಕ್ಕೆ ಇಳಿಯಬಹುದು. ಲವಣಾಂಶ ಅಳೆಯುವ ಕೈಯ ಉಪಕರಣವನ್ನು ಕಾಲೇಜಿನಿಂದ ಎರವಲು ಪಡೆಯಬಹುದು.

ಕರಾವಳಿಗೆ ಹೋಗಲಾಗದವರಿಗೆ

ಮನೆಯ ಪರಿಸ್ಥಿತಿ, ಖರ್ಚು, ಹೆಣ್ಣುಮಕ್ಕಳನ್ನು ದೂರ ಕಳಿಸಲು ಹಿರಿಯರ ಹಿಂಜರಿಕೆ ಮುಂತಾದ ಕಾರಣಗಳಿಂದ ನಾಲ್ಕು ಪ್ರವಾಸ ಎಲ್ಲರಿಗೂ ಸಾಧ್ಯವಾಗದು. ಅಂಥವರಿಗೆ ಸಾಂಗಲಿ–ಮಿರಜದ ಮೀನು ಮಾರುಕಟ್ಟೆಯೇ ಅಧ್ಯಯನದ ಕ್ಷೇತ್ರವಾಗಬಲ್ಲದು. ಕರಾವಳಿಯಿಂದ ಬರ್ಫದಲ್ಲಿ ಬರುವ ಬಂಗುಡೆಯನ್ನು ನೋಡಿ. ಮೀನು ಇನ್ನೂ ಚಿಕ್ಕದಿರುವಾಗಲೇ ಹಿಡಿಯುವುದನ್ನು ತಡೆಯಲು ಕೇರಳವು ಬಂಗುಡೆಗೆ 14 ಸೆ.ಮೀ., ಬೂತಾಯಿಗೆ 10 ಸೆ.ಮೀ. ಎಂಬ ಕನಿಷ್ಠ ಉದ್ದವನ್ನು ನಿಗದಿಪಡಿಸಿದೆ. ನಮ್ಮ ಮಾರುಕಟ್ಟೆಗೆ ಬರುವ ಬಂಗುಡೆಯಲ್ಲಿ ಈ ಅಳತೆಗಿಂತ ಚಿಕ್ಕವು ಎಷ್ಟು ಪಾಲು? ಅಕ್ಟೋಬರಿಗೂ ಫೆಬ್ರವರಿಗೂ ವ್ಯತ್ಯಾಸವಿದೆಯೇ? ಮಹಾರಾಷ್ಟ್ರದಲ್ಲಿ ಅನ್ವಯಿಸುವ ಅಳತೆಯನ್ನು ಮೀನುಗಾರಿಕೆ ಇಲಾಖೆಯಿಂದ ಕೇಳಿ ಪಡೆದು ಹೋಲಿಸಬೇಕು.

ಇದರ ಜೊತೆಗೆ ಉದ್ದ ಮತ್ತು ತೂಕದ ಸಂಬಂಧವನ್ನೂ ಕಂಡುಹಿಡಿಯಬಹುದು. ಮೀನು ಒಂದೇ ಆಕಾರದಲ್ಲಿ ಬೆಳೆಯುತ್ತಿದ್ದರೆ ಅದರ ತೂಕ ಉದ್ದದ ಮೂರನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಉದ್ದ ಎರಡರಷ್ಟಾದರೆ ತೂಕ ಸುಮಾರು ಎಂಟರಷ್ಟು. ಎರಡೂ ಅಳತೆಗಳ ಲಾಗರಿದಮ್ ತೆಗೆದು ನಕ್ಷೆ ಬರೆದರೆ ಸರಳರೇಖೆ ಬರುತ್ತದೆ. ಅದರ ಇಳಿಜಾರು 3ಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದು ಮೀನು ಮೈದುಂಬಿಕೊಳ್ಳುವ ಬಗೆಯನ್ನು ಹೇಳುತ್ತದೆ. ಮೂತಿಯಿಂದ ಬಾಲದ ತುದಿಯವರೆಗೆ ಅಳೆದೆವೋ, ಬಾಲದ ಕವಲಿನವರೆಗೆ ಅಳೆದೆವೋ ಎಂಬುದನ್ನು ಮೊದಲೇ ತೀರ್ಮಾನಿಸಿ ಕೊನೆಯವರೆಗೆ ಅದನ್ನೇ ಪಾಲಿಸಬೇಕು.

ಈ ವಿಧಾನಕ್ಕೂ ಮಿತಿಯಿದೆ. ಮೀನು ಯಾವ ಬಂದರಿನದು ಎಂಬುದಕ್ಕೆ ವ್ಯಾಪಾರಿಯ ಮಾತೇ ಆಧಾರ. ಬಲೆಯ ಕಣ್ಣು ಮತ್ತು ಸಗಟು ವ್ಯಾಪಾರಿಯ ವಿಂಗಡಣೆ ಎರಡೂ ಚಿಕ್ಕ ಮೀನುಗಳನ್ನು ಮೊದಲೇ ತೆಗೆದಿರಬಹುದು. ಆದುದರಿಂದ ಪ್ರಬಂಧದ ಶೀರ್ಷಿಕೆ ‘ಸಾಂಗಲಿ ಮಾರುಕಟ್ಟೆಯ ಬಂಗುಡೆ’ ಎಂದಿರಬೇಕೇ ಹೊರತು ‘ಅರಬ್ಬಿ ಸಮುದ್ರದ ಬಂಗುಡೆ’ ಎಂದಲ್ಲ. ಇನ್ನು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ; ಮಾದರಿ ಸಂಗ್ರಹದ ವೇಳಾಪಟ್ಟಿಯಲ್ಲಿ ಇದನ್ನು ಗಮನಿಸಬೇಕು.

ಎಲ್ಲಿಗೆ, ಯಾವ ದಾರಿಯಲ್ಲಿ

ರತ್ನಾಗಿರಿಯು ರಸ್ತೆಯಿಂದ ಹತ್ತಿರದ ಕಡಲ ಊರು. ಅಲ್ಲಿ 1958ರಲ್ಲಿ ಆರಂಭವಾದ ಕಡಲ ಜೀವಶಾಸ್ತ್ರ ಸಂಶೋಧನಾ ಕೇಂದ್ರವಿದೆ. ಅದರ ಮತ್ಸ್ಯಾಲಯ ಮತ್ತು ವಸ್ತುಸಂಗ್ರಹಾಲಯವನ್ನು ನೋಡಿಯೇ ದಂಡೆಗೆ ಇಳಿದರೆ ಪ್ರಭೇದಗಳ ಪರಿಚಯ ಸುಲಭವಾಗುತ್ತದೆ. ಶಿರಗಾಂವದಲ್ಲಿ 1981ರಲ್ಲಿ ಸ್ಥಾಪನೆಯಾದ ಮತ್ಸ್ಯ ಮಹಾವಿದ್ಯಾಲಯವಿದೆ. ಎರಡೂ ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠಕ್ಕೆ ಸೇರಿದವು.

ಎರಡನೆಯ ದಾರಿ ರೈಲಿನದು. ಗೋವಾ ಎಕ್ಸ್‌ಪ್ರೆಸ್ ಮಿರಜದಿಂದ ಬೆಳಗಾವಿ, ಲೋಂಡಾ ಮೇಲೆ ಮಡಗಾಂವ ತಲುಪುತ್ತದೆ. ಅಲ್ಲಿಂದ ಕೊಂಕಣ ರೈಲ್ವೆಯಲ್ಲಿ ಕಾರವಾರ, ಅಂಕೋಲಾ, ಕುಮಟಾ. ಗೋವೆಯ ದೋನಾ ಪಾವುಲಾದಲ್ಲಿ 1966ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಿದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ. 1947ರಲ್ಲಿ ಸ್ಥಾಪನೆಗೊಂಡು ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕಾರವಾರದಲ್ಲಿದೆ. ಆ ಸಂಸ್ಥೆಯ ಪ್ರಕಟಣೆಗಳ ಭಂಡಾರ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ.

ಕುಮಟಾದ ಬಳಿ ಅಘನಾಶಿನಿ ನದೀಮುಖವಿದೆ. 2024ರಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಕೆಸರಿಗಿಳಿದು ಚಿಪ್ಪಿಕಲ್ಲು ಆರಿಸುವುದು ಅಲ್ಲಿಯ ಜೀವನೋಪಾಯ. ಚಿಪ್ಪಿಕಲ್ಲಿನ ಗಾತ್ರ ಮತ್ತು ಸಂಗ್ರಹದ ಅವಧಿಯ ಬಗ್ಗೆ ಪ್ರಶ್ನೆಯಿರುವವರಿಗೆ ಇದು ತಕ್ಕ ಸ್ಥಳ. ಕಾಸರಗೋಡಿನ ನಮ್ಮ ಓದುಗರಿಗೆ ಚಂದ್ರಗಿರಿ ನದೀಮುಖ ಮನೆಯಂಗಳದಲ್ಲಿಯೇ ಇದೆ. ಅವರು ಎಂಟು ಇಳಿತಗಳ ಬದಲು ಎಂಬತ್ತನ್ನು ಲೆಕ್ಕಹಾಕಬಹುದು.

ಅನುಮತಿ ಮತ್ತು ಸುರಕ್ಷತೆ

ಹವಳ, ಕಡಲಕುದುರೆ, ಕಡಲಸೌತೆ, ಕಡಲಾಮೆ ಮತ್ತು ಕೆಲವು ಶಂಖ–ಚಿಪ್ಪುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಅನುಮತಿಯಿಲ್ಲದೆ ಇವನ್ನು ಸಂಗ್ರಹಿಸುವಂತಿಲ್ಲ; ಸತ್ತು ದಂಡೆಗೆ ಬಿದ್ದದ್ದನ್ನೂ ಚೀಲಕ್ಕೆ ಹಾಕಿಕೊಳ್ಳಬಾರದು. ಮಾಲವಣದ ಕಡಲ ಅಭಯಾರಣ್ಯ 1987ರಿಂದ ಸಂರಕ್ಷಿತ. ಅಲ್ಲಿ ಹಾಗೂ ಕಾಂಡ್ಲಾ ಕಾಡುಗಳಲ್ಲಿ ಕೆಲಸ ಮಾಡಲು ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಬೇಕು. ಕಾರವಾರದ ದಕ್ಷಿಣದ ದಂಡೆಗಳು ನೌಕಾನೆಲೆಗೆ ಸೇರಿವೆ. ಅಲ್ಲಿ ಪ್ರವೇಶವಾಗಲಿ ಛಾಯಾಚಿತ್ರವಾಗಲಿ ಸಲ್ಲದು. ಪದವಿ ಹಂತದ ಪ್ರಕಲ್ಪಕ್ಕೆ ನಮ್ಮ ಸಲಹೆ: ಎಣಿಸಿ, ಅಳೆಯಿರಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು ಚಿತ್ರ ತೆಗೆಯಿರಿ, ಜೀವಿಯನ್ನು ಇದ್ದಲ್ಲಿಯೇ ಬಿಡಿ. ಮಾರ್ಗದರ್ಶಕರ ಸಹಿ ಮತ್ತು ಕಾಲೇಜಿನ ಮುದ್ರೆಯಿರುವ ಪತ್ರ ಸದಾ ಜೊತೆಯಲ್ಲಿರಲಿ.

ಬಯಲುಸೀಮೆಯ ಮಕ್ಕಳಿಗೆ ಕಡಲಿನ ಅಪಾಯಗಳ ಪರಿಚಯ ಕಡಿಮೆ. ದಂಡೆಗೆ ಒಬ್ಬರೇ ಹೋಗಬಾರದು. ನೀರು ತಿರುಗಿ ಏರತೊಡಗಿದಾಗ ಹಿಂದಿನ ತಗ್ಗು ಮೊದಲು ತುಂಬಿ ದಾರಿ ಮುಚ್ಚುವುದುಂಟು; ಆದುದರಿಂದ ಮರಳುವ ವೇಳೆಯನ್ನು ಇಳಿಯುವ ಮೊದಲೇ ಗೊತ್ತುಮಾಡಬೇಕು. ಪಾಚಿಗಟ್ಟಿದ ಬಂಡೆಗೆ ಹಿಡಿತವಿರುವ ಬೂಟು ಬೇಕು. ಶಂಕುವಿನಾಕಾರದ ಜೀವಂತ ಶಂಖವನ್ನು ಬರಿಗೈಯಲ್ಲಿ ಎತ್ತಬಾರದು, ಅದರ ಮುಳ್ಳಿನಲ್ಲಿ ವಿಷವಿದೆ. ಸ್ಥಳೀಯ ಮೀನುಗಾರರು ಇಂದು ಬೇಡ ಎಂದರೆ ಅಂದು ಬೇಡ.

ವರ್ಷದ ವೇಳಾಪಟ್ಟಿ

ಜೂನ್–ಜುಲೈ: ಓದು ಮತ್ತು ಪ್ರಶ್ನೆಯ ಆಯ್ಕೆ. ಇದೇ ಜೀವಿಯ ಬಗ್ಗೆ ಹಿಂದೆ ಪ್ರಕಟವಾದ ಐದಾರು ಲೇಖನಗಳನ್ನಾದರೂ ಓದಿ, ಪ್ರತಿಯೊಂದರ ವಿಧಾನವನ್ನು ಒಂದು ಪುಟದಲ್ಲಿ ಬರೆದುಕೊಳ್ಳಬೇಕು.

ಆಗಸ್ಟ್: ಮಾರ್ಗದರ್ಶಕರ ಒಪ್ಪಿಗೆ, ಅನುಮತಿ ಪತ್ರಗಳು, ಖರ್ಚಿನ ಅಂದಾಜು. ಪ್ರಯಾಣ ಮತ್ತು ವಸತಿಗೇ ಹೆಚ್ಚು ಹಣ ಹೋಗುತ್ತದೆ. ಇಬ್ಬರು ಮೂವರು ಬೇರೆ ಬೇರೆ ಪ್ರಶ್ನೆಗಳನ್ನು ಹಿಡಿದು ಒಂದೇ ದಂಡೆಗೆ ಹೋದರೆ ಹೊರೆ ಹಂಚಿಹೋಗುತ್ತದೆ, ಸುರಕ್ಷತೆಯೂ ಹೆಚ್ಚುತ್ತದೆ.

ಸೆಪ್ಟೆಂಬರ್: ಊರಿನಲ್ಲಿಯೇ ಅಭ್ಯಾಸ. ಕಾಲೇಜಿನ ಮೈದಾನದಲ್ಲಿ ಅದೇ ಚೌಕಟ್ಟನ್ನು ಇಟ್ಟು ಕಳೆಗಿಡಗಳನ್ನು ಎಣಿಸಬೇಕು. ಒಂದು ಚೌಕಟ್ಟಿಗೆ ಎಷ್ಟು ನಿಮಿಷ ಬೇಕು, ಇಬ್ಬರ ಎಣಿಕೆ ಒಂದೇ ಬರುತ್ತದೆಯೇ ಎಂಬುದು ಇಲ್ಲಿಯೇ ತಿಳಿಯುತ್ತದೆ. ದಂಡೆಯಲ್ಲಿ ಕಲಿಯುತ್ತ ಕುಳಿತರೆ ಇಳಿತ ಕಾಯುವುದಿಲ್ಲ.

ಅಕ್ಟೋಬರ್: ಪ್ರಾಯೋಗಿಕ ಭೇಟಿ. ಇದರ ಅಂಕಿಗಳನ್ನು ಪ್ರಬಂಧದ ಲೆಕ್ಕಕ್ಕೆ ಸೇರಿಸದೆ, ವಿಧಾನವನ್ನು ತಿದ್ದಿಕೊಳ್ಳಲು ಬಳಸಬೇಕು. ದೀಪಾವಳಿ ಅಮಾವಾಸ್ಯೆಯ ಇಳಿತ ಉತ್ತಮವಾದುದು, ಆದರೆ ಆ ವಾರ ರೈಲಿನಲ್ಲಿ ಜಾಗ ಸಿಗುವುದು ಕಷ್ಟ; ಮುಂದಿನ ಹುಣ್ಣಿಮೆಯನ್ನು ಹಿಡಿಯುವುದು ಲೇಸು.

ನವೆಂಬರ್–ಫೆಬ್ರವರಿ: ತಿಂಗಳಿಗೊಂದರಂತೆ ನಾಲ್ಕು ಭೇಟಿ. ಅಂಕಿಗಳನ್ನು ಅದೇ ರಾತ್ರಿ ಕೋಷ್ಟಕಕ್ಕೆ ಏರಿಸಿ, ಮೂಲ ಹಾಳೆಗಳ ಚಿತ್ರ ತೆಗೆದಿಡಬೇಕು. ದಂಡೆಯಲ್ಲಿ ಪೆನ್ನಿಗಿಂತ ಪೆನ್ಸಿಲ್ ವಾಸಿ. ನೀರು ತಾಗಿದರೂ ಅಕ್ಷರ ಉಳಿಯುತ್ತದೆ.

ಮಾರ್ಚ್: ವಿಶ್ಲೇಷಣೆ ಮತ್ತು ಬರವಣಿಗೆ. ಯಾವ ಸಂಖ್ಯಾಶಾಸ್ತ್ರೀಯ ಪರೀಕ್ಷೆ ಬಳಸುತ್ತೇವೆಂಬುದನ್ನು ಆಗಸ್ಟಿನಲ್ಲಿಯೇ ನಿರ್ಧರಿಸಿರಬೇಕು. ಅಂಕಿಗಳು ಬಂದ ಮೇಲೆ ಅನುಕೂಲವಾದ ಪರೀಕ್ಷೆಯನ್ನು ಹುಡುಕುವುದು ಸಂಶೋಧನೆಯಲ್ಲ. ವ್ಯತ್ಯಾಸ ಕಾಣಲಿಲ್ಲವೆಂದರೆ ಹಾಗೆಯೇ ಬರೆಯಬೇಕು, ಅದು ಸೋಲಲ್ಲ.

ಭಾಷೆ ಹೊರೆಯಲ್ಲ, ಸಲಕರಣೆ

ಕೊನೆಯದಾಗಿ, ಕನ್ನಡ ಬಲ್ಲ ವಿದ್ಯಾರ್ಥಿಗೆ ಇರುವ ಅನುಕೂಲದ ಮಾತು. ದಂಡೆಯ ಜ್ಞಾನ ಬಹುಪಾಲು ಮೀನುಗಾರರ ಮಾತಿನಲ್ಲಿದೆ, ಪುಸ್ತಕದಲ್ಲಿಲ್ಲ. ಸಾಂಗಲಿಯ ಕನ್ನಡ ವಿದ್ಯಾರ್ಥಿ ರತ್ನಾಗಿರಿಯಲ್ಲಿ ಮರಾಠಿಯಲ್ಲಿಯೂ ಕುಮಟಾದಲ್ಲಿ ಕನ್ನಡದಲ್ಲಿಯೂ ಕೇಳಿ ತಿಳಿಯಬಲ್ಲ. ಈ ಎರಡೂ ಕರಾವಳಿಗಳಲ್ಲಿ ದುಭಾಷಿಯಿಲ್ಲದೆ ಕೆಲಸ ಮಾಡುವ ಶಕ್ತಿ ಗಡಿಯ ಬದುಕು ಕೊಟ್ಟ ಬಳುವಳಿ.

ಆದುದರಿಂದ ಮೊದಲ ದಿನದಿಂದಲೇ ಒಂದು ಹೆಸರಿನ ವಹಿ ಇಡಬೇಕು: ಕನ್ನಡ ಹೆಸರು, ಮರಾಠಿ ಹೆಸರು, ವೈಜ್ಞಾನಿಕ ಹೆಸರು. ಬಂಗುಡೆ, ಬಾಂಗಡಾ, ರಾಸ್ಟ್ರೆಲಿಜರ್ ಕನಗುರ್ತ. ಬೂತಾಯಿ, ತಾರ್ಲಿ, ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಸಿಗಡಿಗೆ ಮರಾಠಿಯಲ್ಲಿ ಕೋಳಂಬಿ. ಪ್ರಭೇದಗಳು ಹಲವು, ಆದುದರಿಂದ ವೈಜ್ಞಾನಿಕ ಹೆಸರನ್ನು ಗುರುತಿಸಿದ ಮೇಲೆಯೇ ಬರೆಯಬೇಕು. ಚಿಪ್ಪಿಕಲ್ಲಿಗೆ ಮಂಗಳೂರಿನ ಕಡೆ ಮರುವಾಯಿ, ಕೊಂಕಣದಲ್ಲಿ ತಿಸರ್ಯಾ. ಇಲ್ಲಿಯೂ ಒಂದು ಹೆಸರಿನಡಿ ಹಲವು ಪ್ರಭೇದಗಳಿವೆ. ಬಂಗುಡೆಯ ವೈಜ್ಞಾನಿಕ ಹೆಸರಿನಲ್ಲಿರುವ ‘ಕನಗುರ್ತ’ ತೆಲುಗು ಕರಾವಳಿಯ ಮೀನುಗಾರರ ಪದ. ವಿಶಾಖಪಟ್ಟಣದ ಮೀನುಗಳನ್ನು ವಿವರಿಸಿದ ಪ್ಯಾಟ್ರಿಕ್ ರಸೆಲ್ ಅದನ್ನು ಕೇಳಿ ಬರೆದಿಟ್ಟನು. ಫ್ರಾನ್ಸಿನ ಕ್ಯುವಿಯೆ ಅದನ್ನೇ ಪ್ರಭೇದದ ಹೆಸರಾಗಿಸಿದನು. ಮೀನುಗಾರನ ಮಾತು ಹೀಗೆ ಜಗತ್ತಿನ ವಿಜ್ಞಾನದೊಳಗೆ ಸೇರಿದೆ.

ಪ್ರಬಂಧವನ್ನು ಇಂಗ್ಲಿಷಿನಲ್ಲಿಯೇ ಒಪ್ಪಿಸಬೇಕಾಗಬಹುದು. ಆದರೆ ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ, ಒಂದೇ ವಾಕ್ಯದಲ್ಲಿ, ಮನೆಯವರಿಗೆ ಅರ್ಥವಾಗುವಂತೆ ಬರೆದುನೋಡಬೇಕು. ಹಾಗೆ ಬರೆಯಲಾಗದಿದ್ದರೆ ಪ್ರಶ್ನೆ ಇನ್ನೂ ಸ್ಪಷ್ಟವಾಗಿಲ್ಲವೆಂದೇ ತಿಳಿಯಬೇಕು. ಪ್ರಬಂಧ ಮುಗಿದ ಮೇಲೆ ಅದರ ಸಾರವನ್ನು ಎರಡು ಪುಟಗಳ ಕನ್ನಡದಲ್ಲಿ ಬರೆದು, ತಾವು ಕಲಿತ ಕನ್ನಡ ಶಾಲೆಗೆ ಒಂದು ಪ್ರತಿ ಕೊಡಬೇಕೆಂದು ನಾವು ವಿನಂತಿಸುತ್ತೇವೆ. ಅದನ್ನು ಓದುವ ಎಂಟನೆಯ ತರಗತಿಯ ಮಗುವಿಗೆ ಸಮುದ್ರ 180 ಕಿ.ಮೀ. ದೂರದಲ್ಲಿಯೇ ಇರುತ್ತದೆ, ಆದರೆ ಅಲ್ಲಿಗೆ ಹೋಗಿ ಎಣಿಸಿಬಂದವರು ತನ್ನ ಶಾಲೆಯವರೇ ಎಂಬುದು ತಿಳಿದಿರುತ್ತದೆ.